ಗಟಾರಕ್ಕೆ ಒಡೆದ ಕಾಯಿ

ತೆಂಗಿನಕಾಯಿ ಒಡೆಯುವುದು ಸಾಮಾನ್ಯ ಸಂಗತಿಯೆಂದು ತಿಳಿದವರು ಮುಂಬಯಿಯ ಉಪನಗರಗಳಲ್ಲಿ ಸಂಸಾರ ಮಾಡಿದವರಲ್ಲ. ಇಲ್ಲಿ ರಸ್ತೆಯಾಗಲಿ, ಬೆಂಚಾಗಲಿ, ಶೌಚಾಲಯವಾಗಲಿ, ಮೊದಲು ಕಾಯಿ. ಸಿಮೆಂಟು, ಮರಳು, ಇಂಜಿನಿಯರು ಎಲ್ಲ ಆಮೇಲೆ. ಯಾರು ಒಡೆದರು, ಒಡೆಯುವಾಗ ಪಕ್ಕದಲ್ಲಿ ಯಾರು ನಿಂತಿದ್ದರು, ಯಾರನ್ನು ಯಾರು ಮೊಣಕೈಯಿಂದ ಹಿಂದಕ್ಕೆ ತಳ್ಳಿದರು ಎಂಬುದರ ಮೇಲೆ ದೊಡ್ಡ ದೊಡ್ಡವರ ಮರ್ಯಾದೆ ನಿಂತಿರುತ್ತದೆ. ಆದ್ದರಿಂದ ಘಾಟ್ಕೋಪರಿನ ಒಂದು ಗಲ್ಲಿಯಲ್ಲಿ, ಮೇ ತಿಂಗಳ ಕೊನೆಯ ವಾರದಲ್ಲಿ, ಸುಹಾಸ ಮಾಬಿಯಾನ್ ಎಂಬ ಗೃಹಸ್ಥ ಒಂದು ಕಾಯಿ ಒಡೆದ ಪ್ರಕರಣವನ್ನು ಹಗುರವಾಗಿ ನೋಡುವಂತಿಲ್ಲ.

ಸುಹಾಸ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವನು. ಗಲ್ಲಾದಲ್ಲಿ ಬಹಳ ವರ್ಷ ಕೂತ ಮನುಷ್ಯನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ: ಬಾಯಿಂದ ‘ಇಲ್ಲ’ ಎಂಬ ಮಾತು ಹೊರಡುವುದಿಲ್ಲ. ನೀರುದೋಸೆಯ ಹಿಟ್ಟು ಮುಗಿದು ಪಾತ್ರೆ ತೊಳೆದು ಬೋರಲು ಹಾಕಿದ್ದರೂ ಅವನು ಗಿರಾಕಿಗೆ ‘ಬರ್ತದೆ, ಕೂತ್ಕೊಳ್ಳಿ’ ಎನ್ನುತ್ತಿದ್ದ. ಗಿರಾಕಿ ಇಡ್ಲಿ ತಿಂದು, ಕಾಫಿ ಕುಡಿದು, ಕೈತೊಳೆದು ಹೋಗುವ ತನಕ ದೋಸೆ ಬರುತ್ತಲೇ ಇರುತ್ತಿತ್ತು. ಈ ವಿದ್ಯೆ ಫೋರ್ಟಿನಲ್ಲಿ ಅವನಿಗೆ ಅನ್ನ ಕೊಟ್ಟಿತ್ತು. ಘಾಟ್ಕೋಪರಿನಲ್ಲಿ ಏನು ಕೊಟ್ಟಿತೆಂಬುದು ಈ ಕಥೆ.

ಅವನ ಮನೆ ಸೊಸೈಟಿಯ ಗ್ರೌಂಡ್ ಫ್ಲೋರಿನ ಮೂಲೆಯಲ್ಲಿತ್ತು. ಪ್ರತಿ ಮಳೆಗಾಲ ಗಲ್ಲಿಯ ಗಟಾರ ಉಕ್ಕಿ, ಆ ನೀರು ಮೆಟ್ಟಿಲು ಹತ್ತಿ, ಹೊಸ್ತಿಲು ದಾಟಿ, ಸೋಫಾದ ಕೆಳಗೆ ಬಂದು ವಿಶ್ರಾಂತಿ ಪಡೆಯುತ್ತಿತ್ತು. ಹೋದ ವರ್ಷ ವಾಷಿಂಗ್ ಮೆಷೀನಿನೊಳಗೂ ನೀರು ಬಂತು, ಆದರೆ ತಪ್ಪು ಕಡೆಯಿಂದ. ಅಂದು ಮಂಚದ ಮೇಲೆ ಅಕ್ಕಿ ಡಬ್ಬ, ಮಿಕ್ಸಿ ಮತ್ತು ದೇವರ ಪಟಗಳ ನಡುವೆ ಕಾಲು ಮಡಚಿ ಕೂತಿದ್ದ ಅವನ ಹೆಂಡತಿ ನಮಿತಾ ತೀರ್ಮಾನ ಹೇಳಿಬಿಟ್ಟಿದ್ದಳು.

“ಬರುವ ವರ್ಷವೂ ನೀರು ಒಳಗೆ ಬಂದ್ರೆ ನಾನು ಬದ್ಲಾಪುರಕ್ಕೆ ಹೋಗುದೇ. ನೀವು ಬೇಕಾದ್ರೆ ಬನ್ನಿ, ಬೇಡದಿದ್ರೆ ಇಲ್ಲೇ ಇದ್ದು ಮೀನು ಸಾಕಿ.”

ಬದ್ಲಾಪುರದಲ್ಲಿ ಅವಳ ತಮ್ಮ ರೋಶನ್ ಇದ್ದ. ಎತ್ತರದ ಟವರಿನ ಮೇಲಿನ ಮಾಳಿಗೆ. ಅಲ್ಲಿಗೆ ನೀರು ಬರಬೇಕಾದರೆ ಟ್ಯಾಂಕರಿನಲ್ಲಿಯೇ ಬರಬೇಕು. ಪಕ್ಕದ ಫ್ಲ್ಯಾಟು ಖಾಲಿ ಇದೆ, ಘಾಟ್ಕೋಪರಿನದ್ದನ್ನು ಮಾರಿ ಬನ್ನಿ ಎಂದು ಅವನು ಪ್ರತಿ ಭಾನುವಾರ ಫೋನು ಮಾಡುತ್ತಿದ್ದ. ಸುಹಾಸನಿಗೆ ಬದ್ಲಾಪುರದ ಬಗ್ಗೆ ದ್ವೇಷವೇನಿಲ್ಲ. ಆದರೆ ಅಲ್ಲಿಂದ ಫೋರ್ಟಿಗೆ ದಿನಾ ಬೆಳಿಗ್ಗೆ ಬರುವ ಲೋಕಲನ್ನು ಅವನು ಘಾಟ್ಕೋಪರ್ ಸ್ಟೇಷನ್ನಿನಲ್ಲಿ ನಿಂತು ನೋಡಿದ್ದ. ಒಳಗಿದ್ದವರ ಮುಖಗಳು ಬಾಗಿಲಿಗೆ ಅಂಟಿಸಿದ ಪೋಸ್ಟರಿನಂತೆ ಚಪ್ಪಟೆಯಾಗಿರುತ್ತಿದ್ದವು.

ಹೀಗಿರುವಾಗ ಆ ವರ್ಷ ಗಟಾರಕ್ಕೆ ಶಾಸಕರ ನಿಧಿ ಮಂಜೂರಾಯಿತು. ಶಾಸಕರನ್ನು ಇಲ್ಲಿ ಎಲ್ಲರೂ ಆಮ್ದಾರ್ ಸಾಹೇಬರೆನ್ನುತ್ತಾರೆ. ಗಲ್ಲಿಯ ಮೇಲಿನ ತುದಿಯಲ್ಲಿ ಸಾಹೇಬರು ಕೈಮುಗಿದು ನಿಂತ ಬ್ಯಾನರ್ ಬಂತು: ಆಮ್ದಾರ್ ನಿಧಿಯಿಂದ ಗಟಾರದ ಕಾಮಗಾರಿ. ಮರುದಿನವೇ ಕೆಳಗಿನ ತುದಿಯಲ್ಲಿ ಹಿಂದೆ ನಗರಸೇವಕಿ, ಎಂದರೆ ಕಾರ್ಪೊರೇಟರ್, ಆಗಿದ್ದ ಶುಭಾಂಗಿ ತಾಯಿಯವರ ಬ್ಯಾನರ್ ಬಂತು. ಇದೇ ಗಟಾರ ತಮ್ಮ ಸತತ ಪಾಠಪುರಾವಾದ ಫಲವೆಂದು ಅದು ಸಾರುತ್ತಿತ್ತು. ಪಾಠಪುರಾವಾ ಎಂದರೆ ಬೆನ್ನು ಬಿಡದೆ ಹಿಂದೆ ಬೀಳುವುದು. ಇನ್ನೊಬ್ಬರು ಮಾಡಿದ ಕೆಲಸಕ್ಕೆ ಹೆಸರು ಪಡೆಯಲು ಮರಾಠಿಯಲ್ಲಿ ಇದಕ್ಕಿಂತ ಅನುಕೂಲದ ಶಬ್ದ ಇಲ್ಲ. ಬ್ಯಾನರುಗಳ ಹಿಂದೆಯೇ ಪೈಪು ಬಂತು, ಸಿಮೆಂಟಿನ ಬ್ಲಾಕುಗಳು ಬಂದು ರಾಶಿಬಿದ್ದವು, ಮುಕಾದಮ್, ಎಂದರೆ ಕೂಲಿಯವರ ಮೇಸ್ತ್ರಿ, ಬಂಡೆಪ್ಪ ಮತ್ತು ಅವನ ಆಳುಗಳು ಬಂದು ಮರದ ನೆರಳಿನಲ್ಲಿ ಕೂತರು. ಕೂತವರು ಕೂತೇ ಇದ್ದರು. ಸಾಹೇಬರ ಕಾಯಿ ಆಗಿರಲಿಲ್ಲ.

ಸಾಹೇಬರಿಗೆ ಪುರಸೊತ್ತಿರಲಿಲ್ಲ. ಅವರು ಒಂದು ಕಡೆ ಕಣ್ಣಿನ ತಪಾಸಣೆಯ ಶಿಬಿರ ಉದ್ಘಾಟಿಸುತ್ತಿದ್ದರು, ಇನ್ನೊಂದು ಕಡೆ ಹಿರಿಯರಿಗೆ ಕೊಡೆ ಹಂಚುತ್ತಿದ್ದರು, ಮತ್ತೊಂದು ಕಡೆ ಉದ್ಯಾನದ ವ್ಯಾಯಾಮದ ಸೈಕಲ್ಲಿನ ಮೇಲೆ ಕೂತು ಪೆಡಲು ತುಳಿದು ತೋರಿಸುತ್ತಿದ್ದರು. ಮೊಬೈಲಿನಲ್ಲಿ ನಡೆಯುವ ‘ಉಪನಗರ ಜಿಲ್ಲಾ ವಾರ್ತೆ’ ಎಂಬ ಚಾನಲಿನಲ್ಲಿ ಇದೆಲ್ಲ ದಿನಾ ಬರುತ್ತಿತ್ತು. ನಮಿತಾ ಅದನ್ನು ನೋಡಿ, ಆಮೇಲೆ ಕಿಟಕಿಯಿಂದ ಆಕಾಶ ನೋಡಿ, ಕಪಾಟಿನ ಮೇಲಿಂದ ಸೂಟ್‌ಕೇಸು ಇಳಿಸಿ ಒರೆಸಿಟ್ಟಳು.

ಕಾಯಿಯ ಮೂಲ ಕಾರಣ ಒಂದು ಸ್ಕೂಟರು. ಸುಹಾಸ ಅದನ್ನು ಹೋಟೆಲಿನ ಭಟ್ಟರ ಭಾಮೈದನಿಂದ ಕೊಂಡಿದ್ದ. ಅದು ಹಳೆಯದೆಂಬುದು ಸೊಸೈಟಿಗೆ ತಿಳಿಯಬಾರದೆಂದು ಹೊಸ ಬಣ್ಣ ಬಳಿಸಿ, ಸೀಟಿಗೆ ಪ್ಲಾಸ್ಟಿಕ್ ಹೊದಿಸಿದ್ದ. ಪೂಜೆಯೂ ಹೊಸ ಗಾಡಿಗೆ ತಕ್ಕಂತೆ ಜೋರಾಗಿರಬೇಕಲ್ಲ? ಗುರುವಾರ ಬೆಳಿಗ್ಗೆ ಬಿಳಿ ಕುರ್ತಾ ಪಾಯಿಜಾಮ ತೊಟ್ಟು, ಜಾತಿ ಸಂಘದ ವಾರ್ಷಿಕೋತ್ಸವದಲ್ಲಿ ಹೊದಿಸಿದ್ದ ಜರಿಯ ಶಾಲು ಹೆಗಲಿಗೇರಿಸಿ ಹೊರಬಂದ. ಒಂದು ಕೈಯಲ್ಲಿ ಕಾಯಿ, ಇನ್ನೊಂದರಲ್ಲಿ ಲಿಂಬೆಹಣ್ಣು, ಊದುಬತ್ತಿ. ಸ್ಕೂಟರಿಗೆಂದು ತಂದ ಗೊಂಡೆಹೂವಿನ ಮಾಲೆ ಹಿಡಿಯಲು ಮೂರನೆಯ ಕೈ ಇಲ್ಲದ್ದರಿಂದ ಅದನ್ನು ತಾತ್ಕಾಲಿಕವಾಗಿ ತನ್ನ ಕೊರಳಿಗೇ ಹಾಕಿಕೊಂಡಿದ್ದ.

ಸೊಸೈಟಿಯ ಅಂಗಳದಲ್ಲಿ ಕಾಯಿ ಒಡೆಯಲು ಸೆಕ್ರೆಟರಿ ಛೇಡಾಭಾಯಿಯವರ ಕಟ್ಟುನಿಟ್ಟಿನ ನಿಷೇಧ ಇತ್ತು. ಸುಹಾಸ ಸ್ಕೂಟರನ್ನು ಗೇಟಿನ ಹೊರಗೆ ನಿಲ್ಲಿಸಿ, ಗಟ್ಟಿಯಾದ ಕಲ್ಲಿಗಾಗಿ ಅತ್ತಿತ್ತ ನೋಡಿದ. ಗಟಾರದ ಬ್ಲಾಕುಗಳ ರಾಶಿ ಹೇಳಿ ಮಾಡಿಸಿದಂತಿತ್ತು. ಅದರ ಮುಂದೆ ಭಕ್ತಿಯಿಂದ ಕಣ್ಣುಮುಚ್ಚಿ ಒಂದೇ ಏಟಿಗೆ ಒಡೆದ. ಒಂದು ಹೋಳು ಕೈಯಲ್ಲುಳಿಯಿತು, ಇನ್ನೊಂದು ರಾಶಿಯ ಮೇಲೆ ಕೂತಿತು. ಅದನ್ನು ಅಲ್ಲೇ ದೇವರಿಗೆ ಬಿಟ್ಟು, ಮಾಲೆಯನ್ನು ಸ್ಕೂಟರಿಗೆ ಹಾಕಿ, ಲಿಂಬೆಹಣ್ಣಿನ ಮೇಲೆ ಚಕ್ರ ಹರಿಸಿ ಸ್ಟೇಷನ್ನಿಗೆ ಹೊರಟುಹೋದ.

ಇಷ್ಟರಲ್ಲಿ ಎರಡು ಘಟನೆಗಳು ನಡೆದಿದ್ದವು. ಮೊದಲನೆಯದು, ಬಾಲ್ಕನಿಯಲ್ಲಿ ಹಲ್ಲುಜ್ಜುತ್ತಿದ್ದ ಛೇಡಾಭಾಯಿ ಒಂದು ಫೋಟೋ ತೆಗೆದಿದ್ದರು. ಅದರಲ್ಲಿ ಬಿಳಿ ಕುರ್ತಾ ಇತ್ತು, ಶಾಲಿತ್ತು, ಕೊರಳಲ್ಲಿ ಮಾಲೆಯಿತ್ತು, ಗಟಾರದ ಬ್ಲಾಕುಗಳಿದ್ದವು, ಕಾಯಿ ಒಡೆಯುವ ಕೈ ಇತ್ತು. ಸ್ಕೂಟರು ಇರಲಿಲ್ಲ, ಅದು ಮರದ ಮರೆಯಲ್ಲಿತ್ತು. ಎರಡನೆಯದು, ಮರದ ಕೆಳಗೆ ಕೂತಿದ್ದ ಬಂಡೆಪ್ಪ ಎದ್ದು ನಿಂತ.

ಸಂಜೆ ಸುಹಾಸ ಸ್ಟೇಷನ್ನಿನಿಂದ ಸ್ಕೂಟರೇರಿ ಗಲ್ಲಿಗೆ ಬಂದಾಗ ಗಲ್ಲಿ ಇರಲಿಲ್ಲ. ಗೇಟಿನ ಎದುರು ಉದ್ದಕ್ಕೆ ಹೊಂಡ ತೋಡಿದ್ದರು. ಆಚೆ ದಡದಲ್ಲಿ ಸೊಸೈಟಿಯ ಜನ ನಿಂತಿದ್ದರು. ಅವನನ್ನು ಕಂಡದ್ದೇ ಚಪ್ಪಾಳೆ ತಟ್ಟಿದರು. ಛೇಡಾಭಾಯಿ ಹಲಗೆಯ ಮೇಲೆ ದಾಟಿ ಬಂದು ಅಪ್ಪಿಕೊಂಡರು. ಇಷ್ಟು ವರ್ಷ ಮೆಯಿಂಟೆನೆನ್ಸ್ ತಡವಾದಾಗ ಮಾತ್ರ ಮಾತಾಡಿಸುತ್ತಿದ್ದ ಮನುಷ್ಯ ಇಂದು ‘ಸುಹಾಸ್ ಭಾಯ್, ಇಂಥ ಧೈರ್ಯ ನಿಮ್ಮೊಳಗಿದೆಯೆಂದು ಗೊತ್ತೇ ಇರಲಿಲ್ಲ’ ಎಂದು ಹಿಂದಿಯಲ್ಲಿ ಗದ್ಗದಿತರಾದರು. ಯಾವ ಧೈರ್ಯವೆಂದು ಸುಹಾಸನಿಗೂ ಗೊತ್ತಿರಲಿಲ್ಲ. ಅವನು ಹೊಂಡದೊಳಗೆ ಇಣುಕಿ, ಇದೇನು ಎಂದು ಬಂಡೆಪ್ಪನನ್ನು ಕೇಳಿದ.

ಸೇಡಂ ಕಡೆಯವನಾದ ಬಂಡೆಪ್ಪ ತಲೆಯ ಟವೆಲು ತೆಗೆದು ನಮಸ್ಕಾರ ಮಾಡಿದ. “ಗುತ್ತೇದಾರ ಸೇಠ್ ನಮಗ ಹೇಳಿದ್ದು ಒಂದ ಮಾತರೀ ಯಜಮಾನ್ರ. ಕಾಯಿ ಒಡದ ಮ್ಯಾಲ ಗುದ್ದಲಿ ಹಚ್ರಿ ಅಂತ. ಮುಂಜಾನಿ ನೀವು ಕಾಯಿ ಒಡದ್ರಿ. ಹಚ್ಚೀವ್ರಿ.”

ಆ ಕಾಯಿ ಸ್ಕೂಟರಿನದ್ದು ಎಂದು ಸುಹಾಸ ಬಾಯಿ ತೆರೆದ. ಅಷ್ಟರಲ್ಲಿ ಕಿಟಕಿಯಿಂದ ನಮಿತಾ ಅವನನ್ನು ಒಳಗೆ ಕರೆದಳು. ಅವಳ ಮುಖದಲ್ಲಿ ಬಹಳ ದಿನಗಳಿಂದ ಕಾಣದ ಕಳೆಯಿತ್ತು.

“ಸ್ಕೂಟರಿನ ಸುದ್ದಿ ಎತ್ತಬೇಡಿ ಮಾರಾಯ್ರೆ. ಅವ ಕೆಲಸ ನಿಲ್ಲಿಸಿದ್ರೆ ನೀರು ಒಳಗೆ ಬರುದು ನಮಗೇ. ಗಟಾರ ಮುಗಿಯುವ ತನಕ ಆ ಕಾಯಿ ಗಟಾರದ್ದೇ.”

ಸುಹಾಸ ಯೋಚಿಸಿದ. ಒಂದು ಕಡೆ ಸತ್ಯವಿತ್ತು, ಇನ್ನೊಂದು ಕಡೆ ಬದ್ಲಾಪುರವಿತ್ತು. ಅವನು ಚಹಾ ಕುಡಿದು ಸುಮ್ಮನಾದ.

ಸುಮ್ಮನಿರುವ ಸ್ವಾತಂತ್ರ್ಯ ಅವನಿಗೆ ಸಿಕ್ಕಿದ್ದು ಒಂದೇ ರಾತ್ರಿ. ಶುಕ್ರವಾರ ಬೆಳಗಾಗುವಷ್ಟರಲ್ಲಿ ಛೇಡಾಭಾಯಿಯವರ ಫೋಟೋ ಸೊಸೈಟಿಯ ಗ್ರೂಪಿನಿಂದ ಹಾರಿ ಜಿಲ್ಲಾ ವಾರ್ತೆಯಲ್ಲಿ ಬಂದು ಕೂತಿತ್ತು. ‘ಆಮ್ದಾರರಿಗಾಗಿ ಕಾದು ಬೇಸತ್ತ ನಾಗರಿಕರು: ಜ್ಯೇಷ್ಠ ಸಮಾಜಸೇವಕ ಸುಹಾಸ ಭಾವೂ ಅವರಿಂದಲೇ ಗಟಾರದ ಭೂಮಿಪೂಜೆ’ ಎಂದು ತಲೆಬರಹ. ಸುಹಾಸನ ಸಮಾಜಸೇವೆ ಈ ತನಕ ಬೇರೆಯವರು ತೆರೆದುಬಿಟ್ಟ ಲಿಫ್ಟಿನ ಬಾಗಿಲು ಮುಚ್ಚುವುದಕ್ಕೆ ಸೀಮಿತವಾಗಿತ್ತು. ಜ್ಯೇಷ್ಠ ಆದದ್ದು ಹೇಗೆಂದು ಯಾರೂ ಕೇಳಲಿಲ್ಲ. ಸಂಘದ ಅಧ್ಯಕ್ಷರು ಫೋನು ಮಾಡಿ, ಮುಂದಿನ ಸಭೆಯಲ್ಲಿ ವೇದಿಕೆಯ ಮೇಲೆ ಕುರ್ಚಿ ಇಡಿಸುತ್ತೇವೆ, ಕಳೆದ ಸಲ ಊಟದ ಕೂಪನ್ನು ಕೊಡದೆ ಕಳಿಸಿದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬಾರದು ಎಂದರು. ಹೋಟೆಲಿನ ಧಣಿ ಒಂದು ದಿನ ರಜೆ ಕೊಟ್ಟು, ಯಾವ ಪಕ್ಷವೆಂದು ಮಾತ್ರ ತಿಳಿಸಿ, ಗೋಡೆಯ ಮೇಲಿನ ನಾಯಕರ ಫೋಟೋ ಬದಲಾಯಿಸುವುದಿದ್ದರೆ ಮೊದಲೇ ಗೊತ್ತಾಗಬೇಕು ಎಂದರು. ಬದ್ಲಾಪುರದಿಂದ ರೋಶನ್ ಕೂಡ ಫೋನು ಮಾಡಿದ. ಭಾವ ಇಷ್ಟು ದೊಡ್ಡವರಾದರೆ ಅಲ್ಲಿಂದ ಹೊರಡುವ ಲೋಕಲಿಗೆ ಇನ್ನೆರಡು ಡಬ್ಬಿ ಜೋಡಿಸಲು ಹೇಳಬೇಕೆಂಬುದು ಅವನ ಬೇಡಿಕೆ. ಸುಹಾಸ ಪ್ರತಿಯೊಬ್ಬರಿಗೂ ‘ಆಯ್ತು, ನೋಡುವ’ ಎಂದ.

ಫೋನು ಕೆಳಗಿಟ್ಟಾಗ ಬಾಗಿಲಲ್ಲಿ ಅಕ್ಷಯ ನಿಂತಿದ್ದ. ಅಕ್ಷಯ ಸಾಲ್ಯಾನ್ ಸಾಹೇಬರ ಕಚೇರಿಯಲ್ಲಿ ದಕ್ಷಿಣ ಭಾರತೀಯ ಘಟಕದ ಪ್ರಮುಖ. ಹುಟ್ಟಿದ್ದು ಇಲ್ಲೇ, ಕನ್ನಡ ಅವನಿಗೆ ಅರ್ಥವಾಗುತ್ತಿತ್ತು, ಆದರೆ ಬಾಯಿಗೆ ಬರುವಾಗ ದಾರಿಯಲ್ಲಿ ಅಲ್ಲಲ್ಲಿ ಇಳಿದುಹೋಗುತ್ತಿತ್ತು.

“ಅಂಕಲ್, ನಾರಿಯಲ್ ಯಾಕೆ ಒಡೆದ್ರು ನೀವು? ಸಂಡೇಗೆ ಸಾಹೇಬ್‌ದು ಫಿಕ್ಸ್ ಇತ್ತು. ಬ್ಯಾಂಡ್ ಸಹ ಬುಕ್ ಆಗಿದೆ. ಅಬ್ ಕ್ಯಾ ಕರೂಂ, ನೀವೇ ಹೇಳಿ.”

ಉತ್ತರಕ್ಕೆ ಕಾಯದೆ ಅವನು ಸುಹಾಸನನ್ನು ಬೈಕಿನ ಹಿಂದೆ ಕೂರಿಸಿ ಕಚೇರಿಗೆ ಒಯ್ದ.

ಸಾಹೇಬರ ಕಚೇರಿಯ ಗೋಡೆಯ ತುಂಬ ಸಾಹೇಬರೇ ಇದ್ದರು: ಕೊಡೆಯೊಂದಿಗೆ, ಕನ್ನಡಕದೊಂದಿಗೆ, ಪೊರಕೆಯೊಂದಿಗೆ. ಇಷ್ಟು ಸಾಹೇಬರ ನಡುವೆ ಮೇಜಿನ ಹಿಂದೆ ಕೂತ ಅಸಲು ಸಾಹೇಬರನ್ನು ಗುರುತಿಸಲು ಸುಹಾಸನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವರು ಬೈಯಲಿಲ್ಲ. ಚಹಾ ತರಿಸಿ, ಮೆತ್ತಗೆ ಮರಾಠಿಯಲ್ಲಿ, ನಿಧಿ ತಮ್ಮದು ಮತ್ತು ಕಾಯಿ ಇನ್ನೊಬ್ಬರದು ಎಂದಾದರೆ ಪ್ರಜಾಪ್ರಭುತ್ವ ಉಳಿಯುತ್ತದೆಯೇ ಎಂದು ವಿಚಾರಿಸಿದರು. ಆಮೇಲೆ ಇನ್ನೂ ಮೆತ್ತಗೆ, ಯಾವ ವಾರ್ಡಿನಿಂದ ನಿಲ್ಲುವ ಆಲೋಚನೆ ಇದೆ ಎಂದು ಕೇಳಿದರು.

ನಮಿತಾಳ ಆಜ್ಞೆಯನ್ನು ಸುಹಾಸ ಅಲ್ಲಿ ಮೀರಿದ. ಗಡಿಬಿಡಿಯಲ್ಲಿ, ಕನ್ನಡದ ಒಗ್ಗರಣೆ ಹಾಕಿದ ಹಿಂದಿಯಲ್ಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ: ಅದು ಸ್ಕೂಟರಿನ ಕಾಯಿ, ಶಾಲು ಸಂಘದ್ದು, ಮಾಲೆ ಕೊರಳಿಗೆ ಬಂದದ್ದು ಕೈ ಸಾಲದೆ.

ಸಾಹೇಬರು ಎದ್ದು ಬಂದು ಅವನ ಕೈ ಕುಲುಕಿದರು. ರಾಜಕೀಯದಲ್ಲಿ ಕೂದಲು ನರೆತ ತಮಗೂ ಇಂಥದ್ದೊಂದು ನೆವ ಎಂದೂ ಹೊಳೆದಿರಲಿಲ್ಲ ಎಂದು ಮನಸಾರೆ ಮೆಚ್ಚಿದರು. ಇಂಥವರು ಎದುರಾಳಿಗಳ ಕಡೆ ಹೋಗಬಾರದು, ನೋಡಿಕೋ ಎಂದು ಅಕ್ಷಯನಿಗೆ ಹೇಳಿದರು. ಕೊನೆಗೆ ವ್ಯವಹಾರಕ್ಕೆ ಬಂದರು: ಹೊಂಡ ಮುಚ್ಚಬೇಕು. ಭಾನುವಾರ ಹತ್ತು ಗಂಟೆಗೆ ತಾವು ಬಂದು ಕಾಯಿ ಒಡೆದು ಗುದ್ದಲಿ ಹಾಕುವಾಗ ಭೂಮಿ ಅಖಂಡವಾಗಿರಬೇಕು. ಗುತ್ತಿಗೆದಾರನಿಗೆ ಹೇಳಿಯಾಗಿದೆ, ಆದರೆ ಆ ಮುಕಾದಮ್ ಕೇಳುತ್ತಿಲ್ಲವಂತೆ. ಕಾಯಿ ಒಡೆದವರು ಹೇಳಿದರೆ ಮಾತ್ರ ಮುಚ್ಚುತ್ತಾನಂತೆ. ನೀವು ಹೇಳುತ್ತೀರಲ್ಲ?

“ಆಯ್ತು ಸಾಹೇಬ್,” ಎಂದ ಸುಹಾಸ.

ಅವನು ಮನೆಗೆ ಮರಳಿದಾಗ ಬಾಗಿಲ ಹೊರಗೆ ಚಪ್ಪಲಿಗಳ ಸಂತೆಯೇ ನೆರೆದಿತ್ತು. ಒಳಗೆ ಸೋಫಾದ ಮೇಲೆ ಶುಭಾಂಗಿ ತಾಯಿ, ಸುತ್ತ ಅವರ ಮಹಿಳಾ ಮಂಡಳ. ನಮಿತಾ ಇದ್ದಬದ್ದ ಲೋಟಗಳಲ್ಲೆಲ್ಲ ಚಹಾ ಕೊಟ್ಟು, ಕೊನೆಯವರಿಗೆ ಅಳತೆಯ ಡಬ್ಬಿಯಲ್ಲಿ ಕೊಟ್ಟಿದ್ದಳು. ತಾಯಿ ಎದ್ದು ಸುಹಾಸನಿಗೆ ಇನ್ನೊಂದು ಶಾಲು ಹೊದಿಸಿದರು. ಆಮ್ದಾರನ ಸೊಕ್ಕನ್ನು ಒಂದೇ ಕಾಯಿಯಲ್ಲಿ ಮುರಿದ ಗಂಡು ಎಂದು ಹೊಗಳಿದರು. ಆದರೆ ಗಟಾರ ತಮ್ಮ ಪಾಠಪುರಾವಾದಿಂದ ಬಂದದ್ದು, ಆದ್ದರಿಂದ ವಿಧಿವತ್ತಾದ ಕಾಯಿ ತಮ್ಮ ಕೈಯಿಂದಲೇ ಆಗಬೇಕು. ಭಾನುವಾರ ಹತ್ತು ಗಂಟೆಗೆ ಮುಹೂರ್ತ ಚೆನ್ನಾಗಿದೆ. ಹೊಂಡವನ್ನು ಮಾತ್ರ ಮುಚ್ಚಿಸಿಡಬೇಕು. ತೋಡಿದ ಹೊಂಡದ ಮುಂದೆ ಗುದ್ದಲಿ ಹಿಡಿದು ನಿಂತರೆ ಫೋಟೋದಲ್ಲಿ ಕೂಲಿಯವಳ ಹಾಗೆ ಕಾಣುತ್ತದೆ.

“ಆಯ್ತು ತಾಯಿ,” ಎಂದ ಸುಹಾಸ.

ಚಪ್ಪಲಿಗಳು ಖಾಲಿಯಾದ ಮೇಲೆ ನಮಿತಾ ಅಳತೆಯ ಡಬ್ಬಿ ತೊಳೆಯುತ್ತ ಕೇಳಿದಳು. “ಇಬ್ರಿಗೂ ಭಾನುವಾರ ಹತ್ತು ಗಂಟೆಗೆ ಬರ್ಲಿಕ್ಕೆ ಹೇಳಿದ್ರಾ?”

“‘ಇಲ್ಲ’ ಅಂತ ಹೇಳ್ಲಿಕ್ಕೆ ಆಗ್ಲಿಲ್ಲ.”

“ಅದೊಂದು ಶಬ್ದ ಇಡೀ ಮುಂಬಯಿಯಲ್ಲಿ ನನಗೊಬ್ಬಳಿಗೇ ಅಂತ ಕಟ್ಟಿಟ್ಟಿದ್ದೀರಲ್ಲ,” ಎಂದು ಅವಳು ಡಬ್ಬಿಯನ್ನು ಮೇಲಿನ ಅಟ್ಟಕ್ಕೇರಿಸಿದಳು. ನೀರಿಗೆ ಎಟಕದ ಎತ್ತರಕ್ಕೆ.

ಬಂಡೆಪ್ಪನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ರಾಶಿಯ ಮೇಲೆ ಬಿಟ್ಟುಹೋದ ಕಾಯಿಯ ಹೋಳನ್ನು ಅವನ ಆಳುಗಳು ಹಂಚಿಕೊಂಡು ತಿಂದಿದ್ದರು. ಪ್ರಸಾದ ತಿಂದು ಕೆಲಸ ಬಿಟ್ಟರೆ ದೇವರಿಗೆ ಏನು ಹೇಳುವುದೆಂಬುದು ಅವನ ತಕರಾರು. ಸುಹಾಸ ಭಾನುವಾರದ ಎರಡು ಕಾಯಿಗಳ ಕಥೆ ಹೇಳಿದ. ಬಂಡೆಪ್ಪ ಹೊಂಡದೊಳಗೇ ನಿಂತು ಪೂರ್ತಿ ಕೇಳಿದ.

“ಒಂದು ಗಟಾರಕ್ಕ ಎಷ್ಟ ಕಾಯಿ ಬೇಕ್ರಿ ಯಜಮಾನ್ರ? ನಮ್ಮ ಕಡಿ ಇಷ್ಟರೊಳಗ ಲಗ್ನ ಮುಗಸ್ತಾರ.”

ಆದರೂ ಒಡೆದವರ ಮಾತು ತೆಗೆದುಹಾಕುವ ಜಾಯಮಾನ ಅವನದಲ್ಲ. ಶನಿವಾರವಿಡೀ ಆಳುಗಳು ತೋಡಿದ್ದನ್ನೆಲ್ಲ ಮುಚ್ಚಿ, ನೀರು ಹೊಯ್ದು, ಧಮ್ಮಸ್ಸಿನಿಂದ ಗುದ್ದಿ ಗಟ್ಟಿ ಮಾಡಿದರು. ಗಲ್ಲಿ ಹಿಂದೆಂದೂ ಇಲ್ಲದಷ್ಟು ಸಮತಟ್ಟಾಯಿತು. ಛೇಡಾಭಾಯಿ ಅದರ ಮೇಲೆ ಅತ್ತಿತ್ತ ನಡೆದು ನೋಡಿ, ಗಟಾರದ ಕೆಲಸ ಬಹಳ ಚೆನ್ನಾಗಿ ಆಗಿದೆ, ಹೀಗೇ ಬಿಟ್ಟರೂ ಅಡ್ಡಿಯಿಲ್ಲ ಎಂದರು.

ಭಾನುವಾರ ಬೆಳಿಗ್ಗೆ ಆಕಾಶ ಹಂಚಿನ ತಳದಂತೆ ಕಪ್ಪಾಗಿತ್ತು. ಹತ್ತು ಗಂಟೆಗೆ ಮೇಲಿನ ತುದಿಯಿಂದ ಬ್ಯಾಂಡು ಬಾರಿಸುತ್ತ ಸಾಹೇಬರು ಬಂದರು. ಅದೇ ಹೊತ್ತಿಗೆ ಕೆಳಗಿನ ತುದಿಯಿಂದ ಆರತಿಯ ತಟ್ಟೆಗಳೊಂದಿಗೆ ತಾಯಿ ಬಂದರು. ಎರಡು ಮೆರವಣಿಗೆಗಳು ಸೊಸೈಟಿಯ ಗೇಟಿನ ಎದುರು ಮುಖಾಮುಖಿಯಾದವು. ಸಾಹೇಬರ ಕೈಯಲ್ಲಿ ಕಾಯಿ, ತಾಯಿಯ ಕೈಯಲ್ಲಿ ಕಾಯಿ, ನಡುವೆ ಜರಿಯ ಶಾಲು ಹೊದ್ದ ಸುಹಾಸ. ಯಾವ ಶಾಲು ಹೊದೆಯುವುದೆಂದು ತೋಚದೆ ಎರಡನ್ನೂ ಹೊದ್ದಿದ್ದರಿಂದ ಅವನು ಧಾರಾಳ ಬೆವರುತ್ತಿದ್ದ.

ಮೊದಲು ಕಾರ್ಯಕರ್ತರು ಘೋಷಣೆ ಕೂಗಿದರು. ಆಮೇಲೆ ಮಹಿಳಾ ಮಂಡಳ ಅದಕ್ಕಿಂತ ಗಟ್ಟಿಯಾಗಿ ಕೂಗಿತು. ಬ್ಯಾಂಡಿನವರು ಯಾರ ಪರವೆಂದು ತಿಳಿಯದೆ ಮದುವೆಯ ಗತ್ತಿನಲ್ಲಿ ಬಾರಿಸುತ್ತಲೇ ಇದ್ದರು. ನಿಧಿ ಯಾರದ್ದೆಂದು ಸಾಹೇಬರು ಕೇಳಿದರು. ನಿಧಿಯ ಹಿಂದೆ ಬಿದ್ದವರು ಯಾರೆಂದು ತಾಯಿ ಕೇಳಿದರು. ಯಾರ ಕಾಯಿಯೂ ಆಗದಿದ್ದರೆ ಕೆಲಸ ಮಳೆ ಮುಗಿದ ಮೇಲೆಯೇ ಆಗಲಿ ಎಂದು ಯಾರೋ ಹಿಂದಿನಿಂದ ಅಂದರು, ಮತ್ತು ಭಯಂಕರವೆಂದರೆ ಎರಡೂ ಕಡೆಯವರು ಆ ಮಾತಿಗೆ ತಲೆಯಾಡಿಸಿದರು. ಕಿಟಕಿಯಲ್ಲಿ ನಮಿತಾ ನಿಂತಿದ್ದಳು. ಪಕ್ಕದಲ್ಲಿ ಸೂಟ್‌ಕೇಸು ಬಾಯಿ ತೆರೆದುಕೊಂಡಿತ್ತು. ಸುಹಾಸನ ಮೂಗಿನ ಮೇಲೆ ಒಂದು ಹನಿ ಬಿತ್ತು.

ಸಾಹೇಬರೂ ತಾಯಿಯೂ ಒಟ್ಟಿಗೆ ಅವನತ್ತ ತಿರುಗಿ, ಹತ್ತು ಗಂಟೆ ಯಾರಿಗೆ ಕೊಟ್ಟದ್ದೆಂದು ಕೇಳಿದರು.

ಅಪಾಯದ ಹೊತ್ತಿನಲ್ಲಿ ಮನುಷ್ಯ ತನ್ನ ಕಸುಬಿಗೆ ಮರಳುತ್ತಾನೆ. ಫೋರ್ಟಿನ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಮೇಜು ಒಬ್ಬರದ್ದಾಗಿ ಉಳಿಯುವುದಿಲ್ಲ; ಪರಸ್ಪರ ಮುಖ ನೋಡದ ಇಬ್ಬರು ಒಂದೇ ಮೇಜಿನ ಎರಡು ಬದಿಗೆ ಕೂತು ಉಂಡು ಏಳುತ್ತಾರೆ. ಜಗಳವಾಡಿದ ವಕೀಲರನ್ನೂ ಬೇರೆಯಾದ ಪಾಲುದಾರರನ್ನೂ ಸುಹಾಸ ಹಾಗೆ ಕೂರಿಸಿದ್ದ. ಅವನ ಕೈ ತಾನಾಗಿ ಮೇಲೆದ್ದಿತು.

“ಶೇರಿಂಗ್ ಮಾಡಿ,” ಎಂದ. “ಸಾಹೇಬ್ರು ಆ ತುದಿ, ತಾಯಿ ಈ ತುದಿ. ಜಾಗ ಉಂಟು. ಬೇಗ ಬೇಗ ಕೂತ್ಕೊಳ್ಳಿ, ಹಿಂದೆ ರಶ್ ಉಂಟು.”

ಕನ್ನಡ ಬಾರದವರಿಗೂ ಆ ಕೈಸನ್ನೆ ಅರ್ಥವಾಯಿತು. ಸಾಹೇಬರು ತಮ್ಮ ಬ್ಯಾನರಿನತ್ತ ನೋಡಿದರು, ತಾಯಿ ತಮ್ಮ ಬ್ಯಾನರಿನತ್ತ. ತಂತಮ್ಮ ಬ್ಯಾನರಿನ ಕೆಳಗೆ ನಿಂತರೆ ಒಬ್ಬರ ಫೋಟೋದಲ್ಲಿ ಇನ್ನೊಬ್ಬರು ಬರುವುದಿಲ್ಲವೆಂಬುದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಹನಿ ಜೋರಾಗುವ ಮೊದಲು ಗಲ್ಲಿಯ ಎರಡು ತುದಿಗಳಲ್ಲಿ ಎರಡು ಕಾಯಿ ಒಡೆದವು. ಸುಹಾಸ ಎರಡೂ ಕಡೆಗೆ ಓಡಿ ಹಾಜರಿ ಹಾಕಿದ. ಮರುದಿನದ ಜಿಲ್ಲಾ ವಾರ್ತೆಯಲ್ಲಿ ಎರಡು ಬೇರೆ ಬೇರೆ ಗಟಾರಗಳ ಸುದ್ದಿ ಬಂತು. ಸಾಹೇಬರ ಫೋಟೋದ ಅಂಚಿನಲ್ಲಿ ಸುಹಾಸನ ಎಡ ಹೆಗಲು, ತಾಯಿಯ ಫೋಟೋದ ಅಂಚಿನಲ್ಲಿ ಬಲ ಹೆಗಲು. ಎರಡನ್ನೂ ಪಕ್ಕಪಕ್ಕ ಇಟ್ಟರೆ, ಮುಖವೊಂದನ್ನು ಬಿಟ್ಟು, ಪೂರ್ತಿ ಸಮಾಜಸೇವಕ ಸಿಗುತ್ತಿದ್ದ.

ಹನಿಗಳು ಹೆದರಿಸಿ ಹೋದವೇ ಹೊರತು ಮಳೆ ಹಿಡಿಯಲಿಲ್ಲ. ಬಂಡೆಪ್ಪ ಆಳುಗಳನ್ನು ಎರಡು ಪಂಗಡ ಮಾಡಿ ಎರಡು ತುದಿಯಿಂದಲೂ ತೋಡಿಸಿದ. ಕೆಲಸ ಹೀಗೆ ಓಡಿದ್ದನ್ನು ಆ ಗಲ್ಲಿ ಕಂಡಿರಲಿಲ್ಲ. ತೊಡಕು ಬಂದದ್ದು ಇಳಿಜಾರಿನ ವಿಷಯದಲ್ಲಿ. ಅಕ್ಷಯ ಬಂದು, ಗಟಾರ ಸಾಹೇಬರ ತುದಿಯಿಂದಲೇ ಶುರುವಾಗಬೇಕು, ಇನ್ನೊಬ್ಬರ ಕೊಳೆ ನೀರು ಸಾಹೇಬರ ಬ್ಯಾನರಿನ ಕೆಳಗೆ ಹರಿಯಬಾರದು ಎಂದು ಹೇಳಿಹೋದ. ಅವನ ಬೆನ್ನಿಗೇ ತಾಯಿಯ ಕಡೆಯವರು ಬಂದು, ಗಟಾರದ ಬಾಲ ತಾಯಿಗೆ ಅಂಟಿಸಿದರೆ ನೋಡು ಎಂದು ಹೇಳಿಹೋದರು. ಬಂಡೆಪ್ಪ ಎಂದಿನಂತೆ ಮೊದಲ ಕಾಯಿ ಒಡೆದವರನ್ನು ಕೇಳುವುದೆಂದು ಫೋರ್ಟಿಗೆ ಫೋನು ಮಾಡಿದ.

ಊಟದ ಹೊತ್ತು. ಗಲ್ಲಾದ ಮುಂದೆ ಬಿಲ್ಲು ಹಿಡಿದವರ ಸಾಲಿತ್ತು. ಒಂದು ಕಿವಿಯಲ್ಲಿ ಎರಡು ಥಾಲಿ ಪಾರ್ಸೆಲ್, ಇನ್ನೊಂದರಲ್ಲಿ ಬಂಡೆಪ್ಪ.

“ಎರಡೂ ಕಡಿಂದ ನಡಕ್ಕ ಇಳಿಜಾರ ಮಾಡ್ಲೇನ್ರಿ ಯಜಮಾನ್ರ? ನೀರು ಗೇಟಿನ ಮುಂದ ಬಂದು ಕೂಡ್ತದ ನೋಡ್ರಿ ಮತ್ತ.”

“ಆಯ್ತು ಆಯ್ತು, ಮಾಡಿ,” ಎಂದ ಸುಹಾಸ, ಚಿಲ್ಲರೆ ಎಣಿಸುತ್ತ.

ಜೂನಿನ ಎರಡನೆಯ ವಾರ ಮಳೆ ಹಿಡಿಯಿತು. ಹೊಸ ಗಟಾರಗಳು ಚೆನ್ನಾಗಿ ಕೆಲಸ ಮಾಡಿದವು. ನೀರು ಮೇಲಿನ ತುದಿಯಿಂದಲೂ ಕೆಳಗಿನ ತುದಿಯಿಂದಲೂ ಶಿಸ್ತಾಗಿ ಹರಿದುಬಂದು, ಸೊಸೈಟಿಯ ಗೇಟಿನ ಎದುರು ಸೇರಿ, ಸೊಂಟದ ಮಟ್ಟಕ್ಕೆ ನಿಂತಿತು. ನೀರೆಲ್ಲ ಗೇಟಿನ ಮುಂದಿನ ತಗ್ಗಿನಲ್ಲೇ ಉಳಿದದ್ದರಿಂದ ಮೂಲೆಯ ಮನೆಯೊಳಗೆ ಒಂದು ಹನಿಯೂ ಬರಲಿಲ್ಲ. ನಮಿತಾ ಬದ್ಲಾಪುರಕ್ಕೆ ಹೋಗಲಿಲ್ಲ. ಆ ದಿನ ಸೊಸೈಟಿಯಿಂದ ಯಾರೂ ಎಲ್ಲಿಗೂ ಹೋಗಲಿಲ್ಲ.